ನಮ್ಮ ಮಣ, ಅವರ ಮಣ

ಯಲಹಂಕ

ಹಿಮಾಲಯಕ್ಕೆ ಹೋಗಿ ಬಂದವರೆಲ್ಲ ಹಿಮದ ಬಗ್ಗೆ ಬರೆಯುತ್ತಾರೆ. ನಾನು ಚೀಲದ ಬಗ್ಗೆ ಬರೆಯಬೇಕಾಗಿದೆ. ಹಿಮವನ್ನು ಹತ್ತಿರದಿಂದ ನೋಡಿದ್ದು ನಾಲ್ಕೈದು ದಿನ. ಚೀಲದ ಜೊತೆ ಸೆಣಸಿದ್ದು ಎರಡು ತಿಂಗಳು.

ಹೊರಟವರು ಇಬ್ಬರು. ಒಬ್ಬ ನಾನು, ಯಲಹಂಕದ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಂದಿ ಬೆಟ್ಟವನ್ನು ಮೂರು ಸಲ ನಡೆದೇ ಹತ್ತಿದ್ದರಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಪರ್ವತಗಳ ವಿಷಯ ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಇನ್ನೊಬ್ಬಳು ನನ್ನ ದೊಡ್ಡವ್ವ ಮುದ್ದಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ. ಮಕ್ಕಳಿಲ್ಲದ ಆಕೆಯೇ ನನ್ನನ್ನು ಸಾಕಿದವಳು. ಅರವತ್ತು ದಾಟಿತ್ತು. ಯಾವ ಬೆಟ್ಟವನ್ನೂ ಹತ್ತಿದವಳಲ್ಲ; ಹತ್ತುವಂಥ ಕೆಲಸ ಬಂದಿರಲಿಲ್ಲ, ಅಷ್ಟೆ.

ನಿಜವಾಗಿ ಹೋಗಬೇಕಾಗಿದ್ದವರು ದೊಡ್ಡಪ್ಪ. ಹೆಬ್ಬಾಳದ ಕೆರೆಯಾಚೆ ಅವರಿಗೊಂದು ಸೀಬೆ ತೋಟ, ತೋಟಕ್ಕೊಂದು ಬಾವಿ, ಬಾವಿಗೊಂದು ಕಪಿಲೆ ಇತ್ತು. ನಲವತ್ತು ವರ್ಷ ಅವರು ಎತ್ತುಗಳನ್ನು ಮುಂದಕ್ಕೆ ಹೊಡೆದರು, ಹಿಂದಕ್ಕೆ ನಡೆಸಿದರು. ಎತ್ತು ಮುಂದೆ ಹೋದರೆ ಚರ್ಮದ ಬಾನಿಯಲ್ಲಿ ನೀರು ಮೇಲೆ ಬಂತು, ಹಿಂದೆ ಬಂದರೆ ಬಾನಿ ಕೆಳಗಿಳಿಯಿತು. ಅವರ ಬದುಕು ಅಷ್ಟೇ. ಒಂದು ದಿನ ತೋಟದ ನೆರಳಲ್ಲಿ ಕೂತ ದಾಸಯ್ಯನೊಬ್ಬ ನೇಪಾಳದ ಮುಕ್ತಿನಾಥದ ಕಥೆ ಹೇಳಿದ. ಅಲ್ಲಿ ದೇವಸ್ಥಾನದ ಹಿಂದೆ ನೂರೆಂಟು ಬಾಯಿಗಳಿಂದ ವರ್ಷವಿಡೀ ನೀರು ಸುರಿಯುತ್ತದೆ, ಅದರ ಕೆಳಗೆ ನಿಂತವರಿಗೆ ಮೋಕ್ಷ, ಎಂದ. ದೊಡ್ಡಪ್ಪ ಮೋಕ್ಷದ ವಿಷಯ ಕೇಳಲೇ ಇಲ್ಲ.

“ಎತ್ತು ಎಷ್ಟು ಜೊತೆ ಕಟ್ಟವ್ರೆ?” ಎಂದು ಕೇಳಿದರು.

ಎತ್ತಿಲ್ಲ ಎಂದ ದಾಸಯ್ಯ. ಹಗ್ಗ? ಅದೂ ಇಲ್ಲ. ಯಾರೂ ಎತ್ತದೆ ನೀರು ತಾನಾಗಿ ತಲೆಯ ಮೇಲೆ ಬೀಳುವ ಜಾಗ ಭೂಮಿಯ ಮೇಲಿದೆ ಎಂದು ಗೊತ್ತಾದ ಮೇಲೆ ದೊಡ್ಡಪ್ಪನಿಗೆ ಸಮಾಧಾನವೇ ಇರಲಿಲ್ಲ. ಒಂದು ಸಲ ಅದರ ಕೆಳಗೆ ನಿಲ್ಲಬೇಕು ಎಂದು ಹತ್ತು ವರ್ಷ ಹೇಳಿದರು. ಬಾವಿ ಬಿಟ್ಟು ಹೋಗಲಾಗಲಿಲ್ಲ. ಹಾಗೇ ತೀರಿಕೊಂಡರು. ತೋಟ ಕಾಯುವಾಗ ಅವರು ಹೊದೆಯುತ್ತಿದ್ದ ಕರಿ ಕಂಬಳಿ ನಮ್ಮ ಮನೆಯ ತೊಲೆಯ ಮೇಲೆ ಉಳಿಯಿತು.

“ಅವ್ರಂತೂ ಓಗ್ಲಿಲ್ಲ. ಅವ್ರ ಕಂಬಳಿನಾದ್ರೂ ಆ ನೂರೆಂಟು ನೀರ್ನಾಗೆ ನೆನೀಲಿ ಕಣ್ಲಾ ಮಗಾ. ನೀನು ಕರ್ಕೊಂಡೋಗು ಸಾಕು,” ಎಂದಳು ದೊಡ್ಡವ್ವ. ಆಕೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬೇಸಿಗೆ ರಜೆ ಬಂದ ಕೂಡಲೇ ಹೊರಡೋಣ ಎಂದೆ.

ಬೆಟ್ಟದ ಬುಡದಲ್ಲಿ ಬುಟ್ವಲ್ ಎಂಬ ಊರಿದೆ, ಯಾತ್ರಿಕರು ಅಲ್ಲಿಂದ ನಡೆಯುತ್ತಾರೆ ಎಂದು ವಿಚಾರಿಸಿ ತಿಳಿದು, ಅಲ್ಲಿನ ಧರ್ಮಶಾಲೆಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ತಿಂಗಳ ಮೇಲೆ ಇಂಗ್ಲಿಷಿನಲ್ಲೇ ಉತ್ತರ ಬಂತು. ಇಬ್ಬರಿಗೆ ಒಬ್ಬ ಕೂಲಿ ಸಾಕು; ಅವನು ಒಂದು ಮಣ ಹೊರುತ್ತಾನೆ; ಅದರ ಮೇಲೆ ಒಂದು ಸೇರು ಹೆಚ್ಚಾದರೂ ಒಪ್ಪುವುದಿಲ್ಲ; ಈ ಕಾಲದಲ್ಲಿ ಎರಡನೆಯ ಕೂಲಿ ಸಿಗುವುದಿಲ್ಲ. ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪೆಲ್ಲ ಓದಿದವನದು.

ಯಶವಂತಪುರ

ಮಣ ತೂಗಲು ಯಶವಂತಪುರಕ್ಕೆ ಹೋದೆವು. ಗೂಡ್ಸ್ ಶೆಡ್ಡಿನ ಹತ್ತಿರ ನನ್ನ ಗೆಳೆಯ ಸಿದ್ದಣ್ಣನ ಹುಣಸೆಹಣ್ಣಿನ ಮಂಡಿ ಇತ್ತು. ಸರ್ಕಾರ ಕಿಲೋ ತಂದು ಇನ್ನೂ ಹಳತಾಗಿರಲಿಲ್ಲ. ದೇಶಕ್ಕೆಲ್ಲ ಒಂದೇ ತೂಕ ಇರಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಲಿ ಎಂಬ ಸದುದ್ದೇಶ. ಸಿದ್ದಣ್ಣ ಹೊಸ ಕಿಲೋ ಬಟ್ಟುಗಳಿಗೆ ಅರಿಶಿನ ಕುಂಕುಮ ಹಚ್ಚಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದ. ತೂಗುವುದು ಮಾತ್ರ ಹಳೆಯ ಬಟ್ಟುಗಳಲ್ಲಿ.

“ಕಿಲೋ ಎಲ್ಲಾ ಇನ್‌ಸ್ಪೆಕ್ಟರು ಬಂದಾಗ ಮೇಷ್ಟ್ರೇ. ಹುಣಸೆಹಣ್ಣಿಗೆ ಮಣವೇ ಸರಿ,” ಎಂದ.

ನಾವು ತಂದಿದ್ದೆಲ್ಲವನ್ನೂ ತಕ್ಕಡಿಗೆ ಹಾಕಿದರೆ ಮೂರು ಮಣಕ್ಕೂ ಮೇಲಾಯಿತು. ದೊಡ್ಡವ್ವನ ಕಡೆಯಿಂದ ರಾಗಿ ಹಿಟ್ಟು, ಹುರಿಹಿಟ್ಟು, ತೊಗರಿಬೇಳೆ, ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಎಲೆ ಅಡಿಕೆ, ಕಂಬಳಿ. ನನ್ನ ಕಡೆಯಿಂದ ಎರವಲು ತಂದ ಕ್ಯಾಮೆರಾ, ಥರ್ಮಾಸ್ ಫ್ಲಾಸ್ಕು, ಟಾರ್ಚು, ಬಣ್ಣದ ಪೆಟ್ಟಿಗೆ, ಕ್ಷೌರದ ಸಾಮಾನು, ಬಿಸಿನೀರು ತುಂಬಿ ಕಾವು ಕೊಟ್ಟುಕೊಳ್ಳುವ ರಬ್ಬರ್ ಚೀಲ, ಮತ್ತು ಪರ್ವತಾರೋಹಣದ ಮೇಲೆ ಒಂದು ಇಂಗ್ಲಿಷ್ ಪುಸ್ತಕ. ಆ ಪುಸ್ತಕದ ಮೂರನೆಯ ಅಧ್ಯಾಯ ಅನಾವಶ್ಯಕ ಭಾರವನ್ನು ಬಿಡುವುದು ಹೇಗೆ ಎಂಬುದರ ಬಗ್ಗೆ. ಪುಸ್ತಕವೊಂದೇ ಎರಡು ಸೇರು ತೂಗಿತು.

ತೆಗೆಯುತ್ತಾ ಹೋದೆವು. ಅರ್ಧ ರಾಗಿ ಹೋಯಿತು, ಉಪ್ಪಿನಕಾಯಿಯ ಜಾಡಿ ಹೋಗಿ ಬಾಳೆಲೆಯ ಪೊಟ್ಟಣ ಬಂತು. ಮೂರನೆಯ ಜೊತೆ ಬಟ್ಟೆ, ಜಮಖಾನ, ಕೊಡೆ ಎಲ್ಲ ಹೋದವು. ಎಷ್ಟು ತೆಗೆದರೂ ತಕ್ಕಡಿ ಏಳಲಿಲ್ಲ. ಮಂಡಿಯ ಹಮಾಲರು ಮೂಟೆ ಇಳಿಸಿ ನಮ್ಮನ್ನೇ ನೋಡುತ್ತಾ ನಿಂತರು. ಅವರಲ್ಲೊಬ್ಬ, ಈ ಭಾರವನ್ನು ಹೊರಲು ಬೇರೆ ಒಬ್ಬ ಆಳು ಬೇಕಾ ಎಂದು ನಕ್ಕ. ನಾನು ಗಂಭೀರವಾಗಿ ವಿಜ್ಞಾನ ಹೇಳಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಉಸಿರು ಸಾಲುವುದಿಲ್ಲ, ಆದ್ದರಿಂದ ಬೆಟ್ಟದ ಕೂಲಿಗಳು ಪಾಪ ಇಷ್ಟೇ ಹೊರಬಲ್ಲರು ಎಂದೆ. ಹಮಾಲರಿಗೆ ಬೆಟ್ಟದವರ ಮೇಲೆ ಕನಿಕರ ಬಂತು. ನನಗೂ ಬಂತು.

ಕೊನೆಗೆ ಒಂಬತ್ತು ಸೇರು ಹೆಚ್ಚಿತ್ತು. ಕಂಬಳಿಯ ತೂಕ ಒಂಬತ್ತು ಸೇರು. ನನ್ನ ಕ್ಯಾಮೆರಾ, ಫ್ಲಾಸ್ಕು, ಬಣ್ಣದ ಪೆಟ್ಟಿಗೆ, ಪುಸ್ತಕ ಸೇರಿದರೂ ಒಂಬತ್ತು ಸೇರು.

“ಲೋ, ಮಣ ಅಂದ್ರೆ ಮಣವೇನಾ?” ಎಂದು ಕೇಳಿದಳು ದೊಡ್ಡವ್ವ.

ಇಡೀ ಪ್ರವಾಸದಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಆದರೆ ಕೇಳಿದವಳು ಓದು ಬರಹ ಇಲ್ಲದವಳು. “ಮಣ ಅಂದ್ರೆ ಮಣ, ದೊಡ್ಡವ್ವ,” ಎಂದೆ.

“ಎಲ್ಲಿಗೋದ್ರೂ ಮಣಕ್ಕೆ ನಲವತ್ತೇ ಸೇರು ಕಣವ್ವಾ,” ಎಂದ ಸಿದ್ದಣ್ಣ.

ಆಮೇಲೆ ನಾನು ಭಾಷಣ ಮಾಡಿದೆ. ನಿನಗೆ ಹೊಸ ಸ್ವೆಟರ್ ತಂದಿದ್ದೇನೆ, ಚಳಿಗೆ ಸಾಕು. ಕಂಬಳಿ ನೆನೆದರೆ ಮೂರು ಪಾಲು ಭಾರವಾಗುತ್ತದೆ, ವಾಪಸ್ಸು ಯಾರು ಹೊರುತ್ತಾರೆ. ಅಷ್ಟಕ್ಕೂ ದೇವರು ನೋಡುವುದು ಭಕ್ತಿಯನ್ನು, ಕಂಬಳಿಯನ್ನಲ್ಲ. ಕೊನೆಯ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು. ದೊಡ್ಡವ್ವ ವಾದ ಮಾಡಲಿಲ್ಲ. ಕಂಬಳಿಯನ್ನು ತಾನೇ ತಕ್ಕಡಿಯಿಂದ ತೆಗೆದು ಮಡಿಸಿದಳು. ಮಂಡಿಯ ಅಟ್ಟದ ಮೇಲೆ ಇಟ್ಟಿರುತ್ತೇನೆ ಎಂದ ಸಿದ್ದಣ್ಣನಿಗೆ ಕೊಡದೆ, ಹುಣಸೆ ಅಂಟು ಆಗುತ್ತದೆ ಎಂದು ಯಲಹಂಕದವರೆಗೆ ಮಡಿಲಲ್ಲಿಟ್ಟುಕೊಂಡು ಬಂದು ತೊಲೆಯ ಮೇಲೆ ಹಾಕಿದಳು. ತಕ್ಕಡಿ ಸಮವಾಗಿತ್ತು. ನಾನು ನ್ಯಾಯ ಮಾಡಿದೆನೆಂದುಕೊಂಡೆ.

ಬುಟ್ವಲ್

ರೈಲುಗಳನ್ನು ಬದಲಿಸಿ ಬದಲಿಸಿ ಗೋರಖಪುರ ದಾಟಿದೆವು. ಗಡಿ ಬಂದದ್ದೇ ಗೊತ್ತಾಗಲಿಲ್ಲ. ಒಂದು ಬಿದಿರು ಗಳ, ಅದರ ಪಕ್ಕ ಒಬ್ಬ ನಿದ್ದೆಗಣ್ಣಿನ ಪೊಲೀಸು. ದಾಟಿ ಒಂದು ಗಂಟೆಯಾದ ಮೇಲೆ ದೊಡ್ಡವ್ವ, “ಪರದೇಸ ಯಾವಾಗ ಬತ್ತದ್ಲಾ?” ಎಂದಳು. ನೀನು ಪುರಿ ತಿಂದೆಯಲ್ಲ, ಅಲ್ಲೇ ಬಂತು ಎಂದೆ. ಆಕೆಗೆ ಸ್ವಲ್ಪ ಬೇಜಾರಾಯಿತು. ಸಮುದ್ರವೋ ಕೋಟೆಯೋ ಏನಾದರೂ ಇರುತ್ತದೆ ಎಂದುಕೊಂಡಿದ್ದಳು.

ಬುಟ್ವಲ್ಲಿನ ಧರ್ಮಶಾಲೆಯ ಅಂಗಳದಲ್ಲಿ ನಮ್ಮ ಕೂಲಿ ಧನಬಹಾದೂರ್ ಕಾಯುತ್ತಿದ್ದ. ಕುಳ್ಳಗೆ, ನನ್ನ ಭುಜದ ಎತ್ತರ. ನಮ್ಮ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಆ ಕೈಯಿಂದ ಈ ಕೈಗೆ ಹಾಕಿಕೊಂಡ. ನನಗೆ ಹಿಂದಿ ಪರೀಕ್ಷೆ ಪಾಸಾಗುವಷ್ಟು ಹಿಂದಿ ಬರುತ್ತಿತ್ತು. ಅವನಿಗೂ ಅಷ್ಟೇ. ಉಳಿದ ಸಾಮಾನು ಎಲ್ಲಿ, ಹಿಂದಿನ ಗಾಡಿಯಲ್ಲಿ ಬರುತ್ತಿದೆಯೇ ಎಂದು ಕೇಳಿದ.

ಇಷ್ಟೇ ಎಂದೆ. ಒಂದು ಮಣ.

ಅವನು ನಗಲಿಲ್ಲ, ಪುಣ್ಯಾತ್ಮ. ಅಂಗಳದ ಇನ್ನೊಂದು ಮೂಲೆಗೆ ಕೈ ತೋರಿಸಿದ. ಅಲ್ಲೊಬ್ಬ ಕೂಲಿ ಹಣೆಗೆ ಪಟ್ಟಿ ಕಟ್ಟಿ, ಬೆನ್ನ ಮೇಲಿನ ಬುಟ್ಟಿಯಲ್ಲಿ ಒಂದು ಕಬ್ಬಿಣದ ಟ್ರಂಕು, ಅದರ ಮೇಲೆ ಅಕ್ಕಿ ಮೂಟೆ, ಮೂಟೆಯ ಮೇಲೆ ಒಂದು ಜೀವಂತ ಹೇಂಟೆ ಹೊತ್ತು ಏಳುತ್ತಿದ್ದ. ಅದು ಒಂದು ಮಣ, ಎಂದ ಧನಬಹಾದೂರ್.

ಧರ್ಮಶಾಲೆಯ ಕಾರ್ಯದರ್ಶಿಯನ್ನು ಕೇಳಿದಾಗ ಎಲ್ಲ ತಿಳಿಯಿತು. ಇಲ್ಲಿಯ ಮಣಕ್ಕೂ ನಲವತ್ತೇ ಸೇರು. ಸಿದ್ದಣ್ಣ ಸುಳ್ಳು ಹೇಳಿರಲಿಲ್ಲ. ಆದರೆ ಅವರ ಸೇರು ಪಕ್ಕಾ ಸೇರು, ನಮ್ಮದು ಕಚ್ಚಾ. ನಮ್ಮ ಮೂರು ಮಣ ಸೇರಿದರೂ ಅವರ ಒಂದು ಮಣಕ್ಕೆ ಸಾಲದು. ಇಬ್ಬರು ಮನುಷ್ಯರು ಹಿಮಾಲಯಕ್ಕೆ ಹುಣಸೆಹಣ್ಣಿನ ತೂಕದಲ್ಲಿ ಹೊರಟು ಬಂದಿದ್ದೆವು.

ದೊಡ್ಡವ್ವನಿಗೆ ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು.

“ಅಂಗಾರೆ ಕಂಬಳಿ ಇಡಿಸ್ತಿತ್ತು?”

“ಹಿಡಿಸ್ತಿತ್ತು, ದೊಡ್ಡವ್ವ.”

“ಎಷ್ಟು ಕಂಬಳಿ ಇಡಿಸ್ತಿತ್ತು?”

ಲೆಕ್ಕ ಹಾಕಿದೆ. “ಒಂದು ಹತ್ತು.”

ಆಕೆ ಎಲೆ ಬಾಯಿಗೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಹೊಳೆಯ ದಾರಿ

ಧನಬಹಾದೂರ್ ಅಷ್ಟು ಹಗುರ ಭಾರಕ್ಕೆ ಪೂರ್ತಿ ಕೂಲಿ ತೆಗೆದುಕೊಳ್ಳಲು ನಾಚಿದ. ನಾಚಿಕೆ ಕಳೆಯಲು ತನ್ನ ಬುಟ್ಟಿಯ ತುಂಬ ಬೆಲ್ಲದ ಉಂಡೆ ತುಂಬಿಕೊಂಡ. ಮೇಲಿನ ಊರುಗಳಲ್ಲಿ ಮಾರಬಹುದಂತೆ. ಬೆಲ್ಲದ ಮೇಲೆ ನಮ್ಮ ಚೀಲವನ್ನು ಮುಚ್ಚಳದ ಹಾಗೆ ಇಟ್ಟ. ಅಲ್ಲಿಂದ ಮುಂದಕ್ಕೆ ಅದು ಬೆಲ್ಲದ ವ್ಯಾಪಾರದ ಯಾತ್ರೆ. ಜೊತೆಗೆ ಇಬ್ಬರು ಕನ್ನಡಿಗರಿದ್ದರು. ಗಿರಾಕಿ ಸಿಕ್ಕಲ್ಲೆಲ್ಲ ನಿಂತೆವು. ಎರಡನೆಯ ವಾರಕ್ಕೆ ದೊಡ್ಡವ್ವ ಉಂಡೆಗೆ ಬೆರಳಲ್ಲಿ ತಟ್ಟಿ, ಇದು ಗಟ್ಟಿ, ಇದು ನೀರಾದದ್ದು ಎಂದು ಗಿರಾಕಿಗಳಿಗೆ ಕೈಸನ್ನೆಯಲ್ಲಿ ಹೇಳಿಕೊಡುತ್ತಿದ್ದಳು.

ದಾರಿಯೆಂದರೆ ಕಾಳಿ ಗಂಡಕಿ ಹೊಳೆಯ ಪಕ್ಕ ಏರುವುದು, ಇಳಿಯುವುದು, ಇಳಿದದ್ದನ್ನು ಮತ್ತೆ ಏರುವುದು. ನಂದಿ ಬೆಟ್ಟದ ಅನುಭವ ಮೊದಲ ದಿನ ಹತ್ತು ಗಂಟೆಯವರೆಗೆ ಕೆಲಸಕ್ಕೆ ಬಂತು. ಆಮೇಲೆ ನನ್ನ ಮಂಡಿ ಹಿಡಿದುಕೊಂಡಿತು. ದೊಡ್ಡವ್ವ ಕಪಿಲೆಯ ಎತ್ತಿನ ನಡಿಗೆಯಲ್ಲಿ, ನಿಲ್ಲದೆ, ಅವಸರಿಸದೆ, ಮುಂದೆ ಮುಂದೆ ಹೋದಳು.

ಆ ಸೀಮೆಯಲ್ಲಿ ಹೋಟೆಲು ಎಂದರೆ ಯಾರದೋ ಮನೆ, ಯಜಮಾನಿಕೆ ಹೆಂಗಸರದು. ಬಂದವರನ್ನು ಒಲೆಯ ಪಕ್ಕ ಕೂರಿಸುತ್ತಾರೆ, ಊರು ಕೇಳುತ್ತಾರೆ, ಎಷ್ಟು ಮಕ್ಕಳು ಎಂದು ಕೇಳುತ್ತಾರೆ, ಅಕ್ಕಿ ಬೇಯುವವರೆಗೆ ಬಿಡುವುದಿಲ್ಲ. ಈ ವಿಷಯದಲ್ಲಿ ಯಲಹಂಕಕ್ಕೂ ಅವರಿಗೂ ಏನೂ ವ್ಯತ್ಯಾಸವಿರಲಿಲ್ಲ. ಒಂದು ಮನೆಯಲ್ಲಿ ಆಕೆ ತಟ್ಟೆಗೆ ಕಂದು ಬಣ್ಣದ ಬಿಸಿ ಮುದ್ದೆ ಬಡಿಸಿದಳು. ಅವರ ಭಾಷೆಯಲ್ಲಿ ಢಿಂಡೋ. ದೊಡ್ಡವ್ವ ಮೂಸಿದಳು, ಮುರಿದಳು, ನನ್ನನ್ನು ನೋಡಿದಳು.

“ರಾಗಿ ಕಣ್ಲಾ ಇದು!”

ನಿಜ, ರಾಗಿಯೇ. ಅವರು ಅದನ್ನು ಕೋದೋ ಎನ್ನುತ್ತಾರೆ, ಗುಡ್ಡದ ತುಂಬ ಬೆಳೆಯುತ್ತಾರೆ. ರಾಗಿಯ ದೇಶಕ್ಕೆ ನಾವು ರೈಲಿನಲ್ಲಿ ರಾಗಿ ಹೊತ್ತು ತಂದಿದ್ದೆವು, ಕಂಬಳಿ ಬಿಟ್ಟು. ಆ ಮನೆಯಾಕೆ ಮುದ್ದೆ ಅಗಿಯುವುದನ್ನು ನೋಡಲಾರದೆ ದೊಡ್ಡವ್ವ ನುಂಗುವುದು ಹೇಗೆ ಎಂದು ತೋರಿಸಿದಳು. ಅವಳ ಗಂಡ ನುಂಗಲು ಹೋಗಿ ಕೆಮ್ಮಿ ಕಣ್ಣೀರಿಟ್ಟ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ದೊಡ್ಡವ್ವನೂ ನಕ್ಕಳು. ಬುಟ್ವಲ್ ಬಿಟ್ಟ ಮೇಲೆ ಆಕೆ ನಕ್ಕದ್ದು ಅಂದೇ. ನನ್ನ ಎದೆಯ ಮೇಲಿಂದ ಒಂದು ಹತ್ತು ಸೇರು ಇಳಿಯಿತು. ಪಕ್ಕಾ ಸೇರು.

ಕಾಗ್‌ಬೇನಿ

ಕಾಗ್‌ಬೇನಿಯಲ್ಲಿ ಮರಗಳು ಮುಗಿದವು, ಗಾಳಿ ಶುರುವಾಯಿತು. ಮಧ್ಯಾಹ್ನವಾದರೆ ಸಾಕು, ಹೊಳೆಯ ಪಾತ್ರದ ಮರಳನ್ನೆಲ್ಲ ಎತ್ತಿ ಮುಖಕ್ಕೆ ಎರಚುತ್ತದೆ. ಚಳಿ ಎಂದರೆ ಡಿಸೆಂಬರಿನಲ್ಲಿ ಮಫ್ಲರ್ ಸುತ್ತಿಕೊಂಡು ಹೆಬ್ಬಾಳದ ಏರಿಯ ಮೇಲೆ ಸೈಕಲ್ ತುಳಿಯುವುದು ಎಂದು ತಿಳಿದಿದ್ದ ನಾನು ಅಲ್ಲಿ ಆ ಪದವನ್ನು ಹೊಸದಾಗಿ ಕಲಿತೆ.

ನಾನು ಯಶವಂತಪುರದಲ್ಲಿ ಗೆಲ್ಲಿಸಿದ್ದ ಸಾಮಾನುಗಳೆಲ್ಲ ಇಲ್ಲಿ ಒಂದೊಂದಾಗಿ ಸೋತವು. ಬಣ್ಣ ನೀರಿನಲ್ಲಿ ಕದಡುವ ಮೊದಲೇ ಕುಂಚ ಗಟ್ಟಿಯಾಯಿತು. ರಬ್ಬರ್ ಚೀಲ ಕುದಿಯುವ ನೀರು ತುಂಬಿದ ಕೂಡಲೇ ಸೀಳಿ, ದೊಡ್ಡವ್ವನ ಹಾಸಿಗೆಯನ್ನು ಪೂರ್ತಿ ನೆನೆಸಿತು. ತೊಗರಿಬೇಳೆಯನ್ನು ಬೆಳಗಿನಿಂದ ಸಂಜೆವರೆಗೆ ಬೇಯಿಸಿದೆವು. ಅಷ್ಟು ಎತ್ತರದಲ್ಲಿ ನೀರು ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಪುಸ್ತಕದಲ್ಲಿ ಆ ವಿಷಯ ಇತ್ತಂತೆ. ನಾನು ಇನ್ನೂ ಮೂರನೆಯ ಅಧ್ಯಾಯದಲ್ಲಿದ್ದೆ.

ದೊಡ್ಡವ್ವ ಹೊಸ ಸ್ವೆಟರಿನೊಳಗೆ ಮುದುಡಿಕೊಂಡು ಒಲೆಯ ಮುಂದೆ ನಡುಗುತ್ತಿದ್ದಳು. ನಾವು ತಂಗಿದ್ದ ಮನೆಯಾಕೆ ಒಂದು ಕುರಿ ಚರ್ಮದ ಹೊದಿಕೆ ತಂದು ಹೊದಿಸಿದಳು. ದೊಡ್ಡವ್ವ ಅದರ ಉಣ್ಣೆಯಲ್ಲಿ ಬೆರಳಾಡಿಸಿ, “ಚೆನ್ನಾಗೈತೆ. ಆದ್ರೆ ಯಾರ್ದೋ,” ಎಂದಳು.

ನನಗೆ ತಡೆಯಲಾಗಲಿಲ್ಲ. “ದೊಡ್ಡವ್ವ, ಇಲ್ಲೇ ಒಂದು ಒಳ್ಳೆ ಕಂಬಳಿ ತಗೊಂಡು, ಅದನ್ನೇ ನೆನೆಸೋಣ.”

“ಅದು ಯಾರ ಬೆವರು ಕುಡ್ದೈತೋ ಮಗಾ. ಅವ್ರ ಎಸ್ರಿಗೆ ಎಂಗೆ ನೆನಸ್ಲಿ?” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ತಿಳಿಯದ ಒಂದು ವಿಷಯವನ್ನು ತಿಳಿಸಿದಳು, ಅಷ್ಟೆ. ನಾನು ಒಲೆಗೆ ಸಗಣಿ ಬೆರಣಿ ತುರುಕುತ್ತಾ ಕೂತೆ. ಅಷ್ಟು ನಾಚಿಕೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಮುಕ್ತಿನಾಥ

ಮಾರನೆಯ ದಿನ ಏರಿ ಮುಟ್ಟಿದೆವು. ದೇವಸ್ಥಾನ ನಮ್ಮ ಊರ ಗುಡಿಗಿಂತ ದೊಡ್ಡದೇನಲ್ಲ. ಅದರ ಹಿಂದೆ ಕಲ್ಲಿನ ಗೋಡೆ ಅರ್ಧ ವೃತ್ತವಾಗಿ ಬಾಗಿದೆ. ಆಳೆತ್ತರದಲ್ಲಿ ಸಾಲಾಗಿ ಲೋಹದ ಬಸವನ ಮುಖಗಳು, ಒಂದೊಂದರ ಬಾಯಿಂದಲೂ ನೀರು. ಪಕ್ಕದ ಕಾಲುವೆಯ ಅಂಚಿನಲ್ಲಿ ಹಿಮ ಬಿದ್ದಿತ್ತು.

ದೊಡ್ಡವ್ವ ಮೊದಲು ಕೈಮುಗಿಯಲಿಲ್ಲ. ಗೋಡೆಯ ಹಿಂದಕ್ಕೆ ಹೋಗಿ ಇಣುಕಿ ಬಂದಳು. “ಎತ್ತಿಲ್ಲ ಕಣ್ಲಾ,” ಎಂದಳು. ಸೆರಗು ಸೊಂಟಕ್ಕೆ ಬಿಗಿದು, ಗೋವಿಂದಾ ಎಂದು ಕೂಗಿ, ಈ ಕೊನೆಯಿಂದ ಆ ಕೊನೆಗೆ ಒಂದನ್ನೂ ಬಿಡದೆ ಓಡಿದಳು. ಅಲ್ಲಿಯ ಸನ್ಯಾಸಿನಿಯರು ಬಾಗಿಲಿಗೆ ಬಂದು ನೋಡಿದರು. ಆಕೆ ಒಣ ಸೀರೆ ಉಟ್ಟು ಬರುವಷ್ಟರಲ್ಲಿ ನನ್ನದೂ ಆಗಿತ್ತು. ಹೇಗಾಯಿತು ಎಂದು ವಿವರಿಸಲಾರೆ. ಹತ್ತನೆಯ ಬಾಯಿಗೆ ತಲೆ ಇದೆಯೋ ಇಲ್ಲವೋ ತಿಳಿಯಲಿಲ್ಲ, ಮೂವತ್ತನೆಯದಕ್ಕೆ ಅದರ ಯೋಚನೆಯೂ ಇರಲಿಲ್ಲ. ಧನಬಹಾದೂರ್ ನನ್ನ ಕ್ಯಾಮೆರಾದಿಂದ ಒಂದು ಫೋಟೋ ತೆಗೆದ. ಅದರಲ್ಲಿ ಒಂದು ಮೊಣಕೈ ಬಂದಿದೆ.

ಪಂಚೆ ಹಿಂಡಿಕೊಳ್ಳಲು ಹೊರಟವನನ್ನು ದೊಡ್ಡವ್ವ ತಡೆದಳು.

“ನಿಂದಾಯ್ತು. ಈಗ ನಿಮ್ ದೊಡ್ಡಪ್ಪಂದು.”

“ಅಂದ್ರೆ?”

“ಕಂಬಳಿ ಎಲ್ಲೈತೆ?”

“ಯಲಹಂಕದಲ್ಲಿ.”

“ಅಂಗಾರೆ ಇನ್ನೊಂದ್ಸಲ ನೀನೇ ಓಗು.”

ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಆದರೂ ಬುದ್ಧಿ ಕೊನೆಯ ಸಲ ಓಡಿತು. “ಫ್ಲಾಸ್ಕ್ ಇದೆಯಲ್ಲ ದೊಡ್ಡವ್ವ! ಈ ನೀರನ್ನ ತುಂಬ್ಕೊಂಡು ಹೋಗೋಣ. ಮನೇಲಿ ಕಂಬಳಿ ಮೇಲೆ ಸುರಿಯೋಣ.”

ಆಕೆ ಫ್ಲಾಸ್ಕನ್ನು ನೋಡಿದಳು, ನೀರನ್ನು ನೋಡಿದಳು.

“ನೀರು ಎತ್ತಿ ಸುರಿಯೋದು ಅವ್ರು ಬದುಕೆಲ್ಲಾ ಮಾಡವ್ರೆ. ಇಲ್ಲಿ ಅದು ತಾನಾಗೇ ಬೀಳ್ಬೇಕು. ಅದಕ್ಕೇ ಅಲ್ವಾ ಬಂದಿದ್ದು?” ಎಂದಳು. ಆಮೇಲೆ, “ನೀನೇ ಏಳಿದ್ದಲ್ಲಪ್ಪಾ, ದ್ಯಾವ್ರು ಕಂಬಳಿ ನೋಡಲ್ಲ, ಬಕ್ತಿ ನೋಡ್ತಾನೆ ಅಂತ. ಓಗು, ತೋರ್ಸು.”

ಹೋದೆ. ಈ ಸಲ ಓಡಲು ಬಿಡಲಿಲ್ಲ. ಒಂದೊಂದರ ಕೆಳಗೂ ನಿಲ್ಲಬೇಕು, ಕಂಬಳಿ ನೆನೆಯಲು ಹೊತ್ತು ಬೇಕಾಗುತ್ತದೆ ಎಂದಳು. ತಾನು ಪಕ್ಕದ ಒಣ ಕಲ್ಲಿನ ಮೇಲೆ ನನ್ನ ಜೊತೆಜೊತೆಗೇ ನಡೆದು ಬಂದಳು, ಮಾತಾಡುತ್ತಾ. ಮೊದಮೊದಲು ನನಗೆ ಧೈರ್ಯ ಹೇಳುತ್ತಿದ್ದಾಳೆ ಎಂದುಕೊಂಡೆ.

“ನೋಡಿದ್ರಾ? ಎತ್ತಿಲ್ಲ. ಅಗ್ಗ ಇಲ್ಲ. ಬಾನಿ ಅರಿದೋಗೋದಿಲ್ಲ. ನೀವು ಬೆಳಗಾಗೆದ್ದು ಓಗ್ಬೇಕಿಲ್ಲ. ಸುಮ್ಕೆ ನಿಂತ್ಕಳಿ. ನಿಂತ್ಕಳಿ ಸುಮ್ಕೆ.”

ನನ್ನನ್ನು ಆಕೆ ಯಾವತ್ತೂ ನೀವು ಎಂದು ಕರೆದವಳಲ್ಲ. ಅದು ಹೊಳೆದಾಗ ನಾನು ಸುಮಾರು ಅರವತ್ತನೆಯ ಬಾಯಿಯ ಕೆಳಗಿದ್ದೆ. ಅಳು ಬಂತು, ಅತ್ತೆ. ಅಷ್ಟು ನೀರಿನಲ್ಲಿ ಅದನ್ನು ಯಾರೂ ನೋಡುವಂತಿರಲಿಲ್ಲ. ಉಳಿದ ನಲವತ್ತೆಂಟರ ಕೆಳಗೂ ನಡುಗದಿರಲು ಪ್ರಯತ್ನಪಟ್ಟೆ, ಅವರು ನಿಂತಿದ್ದರೆ ನಡುಗುತ್ತಿರಲಿಲ್ಲ ಅನ್ನಿಸಿ.

ಮುಗಿದ ಮೇಲೆ ಆಕೆ ಸೆರಗಿನಿಂದ ನನ್ನ ತಲೆಯನ್ನು ಒರೆಸಿದಳು, ಹಿಂಡಿದ ಹಾಗೆ.

“ಕಂಬಳಿ ಆಗಿದ್ರೆ ಇಷ್ಟು ಗೊಣಗ್ತಿರ್ಲಿಲ್ಲ,” ಎಂದಳು.

ಮತ್ತೆ ಯಲಹಂಕ

ಹಿಂದಿರುಗುವಾಗ ಗೋರಖಪುರದಲ್ಲಿ ಶುರುವಾದ ನೆಗಡಿ, ಜ್ವರ ಯಶವಂತಪುರದವರೆಗೂ ಬಿಡಲಿಲ್ಲ. ಸ್ಟೇಷನ್ನಿನಲ್ಲಿ ಸಿದ್ದಣ್ಣ ಕಾಯುತ್ತಿದ್ದ.

“ಹೆಂಗಿತ್ತು ಮೇಷ್ಟ್ರೇ? ಮಣ ಸರಿಯಾಗಿತ್ತಾ?”

ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ, “ಸರ್ಯಾಗಿತ್ತು ಕಣಪ್ಪಾ,” ಎಂದಳು. ಆಕೆಯ ಕೃಪೆಯಿಂದ ಆ ಮಂಡಿಯಲ್ಲಿ ನಾನು ಇಂದಿಗೂ ಬೆಟ್ಟದ ವಿಷಯ ತಿಳಿದವನು.

ಮನೆಗೆ ಬಂದಾಗ ಉರಿ ಬಿಸಿಲಿನ ಮಧ್ಯಾಹ್ನ. ಕೈಕಾಲು ತೊಳೆದದ್ದೇ ದೊಡ್ಡವ್ವ ಸ್ಟೂಲು ಹಾಕಿ ತೊಲೆಯ ಮೇಲಿನ ಕಂಬಳಿ ತೆಗೆದಳು. ಅಂಗಳದಲ್ಲಿ ಒದರಿದಳು, ಮೂಸಿದಳು. ಪೆಟ್ಟಿಗೆಯಲ್ಲಿಡುತ್ತಾಳೇನೋ, ದೇವರ ಮುಂದೆ ಇಡುತ್ತಾಳೇನೋ ಎಂದು ನೋಡುತ್ತಿದ್ದೆ. ಅದನ್ನು ತಂದು ನನ್ನ ಹೆಗಲ ಮೇಲೆ ಹಾಕಿದಳು.

“ಬೇಡ ದೊಡ್ಡವ್ವ, ಸೆಕೆ. ಅದು ದೊಡ್ಡಪ್ಪನದು.”

“ಒದ್ಕೋ. ನೆಂದೋನು ನೀನಲ್ವಾ,” ಎಂದು ಆಕೆ ಒಲೆ ಹಚ್ಚಲು ಒಳಗೆ ಹೋದಳು.

ಒಂಬತ್ತು ಸೇರು. ಹೊದ್ದುಕೊಂಡು ಜಗುಲಿಯ ಮೇಲೆ ಬೆವರುತ್ತಾ ಕೂತೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಮೇಷ್ಟ್ರಿಗೆ ಜ್ವರ ಜೋರಾಗಿದೆ ಎಂದುಕೊಂಡು ಹೋದರು. ಸಂಜೆಯವರೆಗೂ ತೆಗೆಯಲಿಲ್ಲ.